ಫಿರಂಗಿ ಎಳೆದ ಮೈಕಟ್ಟು

ಗುಬ್ಬಿ ತಾಲ್ಲೂಕಿನ ಚೇಳೂರು ಅಂದರೆ ಈಗ ಎಲ್ಲರ ಬಾಯಲ್ಲೂ ಬರುವುದು ಹಲಸು. ಸಿದ್ದು ಹಲಸು ಹೆಸರು ಮಾಡಿದ ಮೇಲಂತೂ ಬೆಂಗಳೂರಿನವರೂ ದಾರಿ ಕೇಳಿಕೊಂಡು ಬರುತ್ತಾರೆ. ಆದರೆ ಈ ಸೀಮೆಯ ಹೆಸರು ಹಿಂದೊಮ್ಮೆ ಸರ್ಕಾರಿ ದಾಖಲೆಗಳನ್ನು ಹತ್ತಿದ್ದು ಹಲಸಿನಿಂದಲ್ಲ, ದನದಿಂದ. ಚೇಳೂರಿನ ಪಕ್ಕದ ಹೋಬಳಿಯೇ ಹಾಗಲವಾಡಿ. ಮೈಸೂರಿನ ಅಮೃತ ಮಹಲ್ ಹಿಂಡು ಮೂರು ಬಗೆಯ ರಾಸುಗಳಿಂದ ಕೂಡಿದ್ದು ಎಂದು ಹಳೆಯ ಬರಹಗಳು ಹೇಳುತ್ತವೆ. ಹಳ್ಳಿಕಾರ್ ಒಂದು, ಚಿತ್ರದುರ್ಗದ್ದು ಇನ್ನೊಂದು, ಮೂರನೆಯದು ಹಾಗಲವಾಡಿಯದು.

ಹೈದರ್ ಅಲಿಯ ವೇಗ, ಟಿಪ್ಪುವಿನ ಓಟ, ಆಮೇಲೆ ಇಂಗ್ಲಿಷರ ವೆಲ್ಲೆಸ್ಲಿಯ ದಂಡಯಾತ್ರೆ ಇವನ್ನೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆ ವೇಗ ಬಂದದ್ದು ಎಲ್ಲಿಂದ ಎಂದು ಮೇಷ್ಟ್ರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅದೇ ಶಾಲೆಯ ಇನ್ನೊಂದು ಪುಸ್ತಕದಲ್ಲಿ ಸಸ್ತನಿಗಳ ಲಕ್ಷಣ ಬಾಯಿಪಾಠ ಮಾಡಿದ್ದೆವು: ಮೈಮೇಲೆ ರೋಮ, ಬಿಸಿರಕ್ತ, ನಾಲ್ಕು ಕೋಣೆಯ ಹೃದಯ, ಮರಿಗೆ ಮೊಲೆಹಾಲು. ಈ ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಮೈಸೂರಿನ ಚರಿತ್ರೆಯ ಒಂದು ಭಾಗ ಬೇರೆಯೇ ಕಾಣುತ್ತದೆ. ಆ ಗೆಲುವುಗಳ ಅರ್ಧ ಪಾಲು ಸಲ್ಲಬೇಕಾದ್ದು ಎತ್ತಿನ ಚರ್ಮಕ್ಕೆ, ಹೊಟ್ಟೆಗೆ, ಉಸಿರಿಗೆ ಮತ್ತು ಅದು ಕರುವಾಗಿದ್ದಾಗ ಕುಡಿದ ಹಾಲಿಗೆ ಎಂಬುದು ನನ್ನ ವಾದ.

ಕತೆ ಶುರುವಾಗುವುದು ಶ್ರೀರಂಗಪಟ್ಟಣದಲ್ಲಿ. ಅಲ್ಲಿದ್ದ ವಿಜಯನಗರದ ರಾಜಪ್ರತಿನಿಧಿ 1572ರಿಂದ 1600ರ ನಡುವೆ ಹಳ್ಳಿಕಾರ್ ಹಸುಗಳನ್ನು ತರಿಸಿದನೆಂದು ಮೈಸೂರು ಗೆಜೆಟಿಯರ್ ಬರೆದ ಬಿ.ಎಲ್. ರೈಸ್ ಹೇಳುತ್ತಾರೆ. ಆ ಹಿಂಡು ಒಡೆಯರ ಕೈಗೆ ಬಂತು. ಚಾಮರಾಜ ಒಡೆಯರು, ಕಂಠೀರವ ನರಸರಾಜ ಒಡೆಯರು ಅದನ್ನು ಬೆಳೆಸಿ, ಮೇಯಲು ಬೇರೆಬೇರೆ ಕಡೆ ಕಾವಲುಗಳನ್ನು ಬಿಟ್ಟುಕೊಟ್ಟರು. ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಅದೊಂದು ಇಲಾಖೆಯೇ ಆಗಿ ಬೆಣ್ಣೆ ಚಾವಡಿ ಎನಿಸಿಕೊಂಡಿತು. ಅರಮನೆಗೆ ಹಾಲು, ಬೆಣ್ಣೆ ಒದಗಿಸುವುದು ಅದರ ಮೇಲಿನ ಕೆಲಸ.

ಇತ್ತ ಹಾಗಲವಾಡಿಯಲ್ಲಿ ಪಾಳೆಯಗಾರರಿದ್ದರು. ಚಿಕ್ಕನಾಯಕನಹಳ್ಳಿಗೆ ಹೆಸರು ಬಂದದ್ದೂ ಇದೇ ಮನೆತನದ ನಾಯಕನಿಂದ. ಶಿರಾ ಮೊಗಲರ ಸುಬಾ ಆದಾಗ ಅವರಿಗೆ ತಲೆಬಾಗಿ, ಹೈದರ್ ಬಂದಾಗ ಅವನಿಗೆ ಕಪ್ಪ ಕೊಟ್ಟು ಹೇಗೋ ಬಾಳಿದ ಸಣ್ಣ ಸಂಸ್ಥಾನ. ಅವರ ಯುದ್ಧಗಳ ಬಗ್ಗೆ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ದನದ ಬಗ್ಗೆ ಇದೆ. ಮಳೆ ಕಡಿಮೆ, ಹುಲ್ಲು ಗಿಡ್ಡ, ಕಲ್ಲುನೆಲ, ಬೇಸಿಗೆಯಲ್ಲಿ ನೀರಿಗೆ ಕೆರೆಯಂಗಳವೇ ಗತಿ. ಇಂಥ ಸೀಮೆಯಲ್ಲಿ ಬದುಕಿ ಉಳಿಯುವ ದನ ತಾನಾಗಿಯೇ ಗಟ್ಟಿ ದನ. ಹೈದರ್ ಒಂದೊಂದೇ ಪಾಳೆಯಪಟ್ಟನ್ನು ನುಂಗುತ್ತಾ ಹೋದಂತೆ ಅಲ್ಲಿನ ರಾಸುಗಳೂ ಮೈಸೂರಿನ ಹಿಂಡು ಸೇರಿದವು. 1779ರಲ್ಲಿ ಚಿತ್ರದುರ್ಗ ಬಿದ್ದಿತು. ಬೆಣ್ಣೆಯ ಚಾವಡಿ ಫಿರಂಗಿಯ ಚಾವಡಿಯಾಯಿತು.

ಎರಡೇ ವರ್ಷಕ್ಕೆ ಅದರ ಫಲ ಕಂಡಿತು. 1781ರ ಬೇಸಿಗೆಯಲ್ಲಿ ಇಂಗ್ಲಿಷ್ ಸೇನಾಪತಿ ಐರ್ ಕೂಟ್ ಚಿದಂಬರದ ಕೋಟೆಗುಡಿಗೆ ಕೈಹಾಕಿದ. ಸುದ್ದಿ ತಿಳಿದ ಹೈದರ್ ತನ್ನ ದಂಡಿನೊಂದಿಗೆ ಎರಡೂವರೆ ದಿನದಲ್ಲಿ 100 ಮೈಲಿ, ಅಂದರೆ 160 ಕಿಲೋಮೀಟರ್ ನಡೆದು ಬಂದ. ತಮಿಳು ಬಯಲಿನ ಜೂನ್ ಬಿಸಿಲು, ಹಿಂದೆ ಟನ್ನುಗಟ್ಟಲೆ ತೂಗುವ ತೋಪುಗಳು. ಜುಲೈ 1ರಂದು ಪೋರ್ಟೊ ನೋವೊದಲ್ಲಿ ಹೈದರ್ ಸೋತನೆಂಬುದು ನಿಜ. ಆದರೆ ಸೋತ ದಂಡು ಶತ್ರುವಿನ ಕಣ್ಣೆದುರೇ ತನ್ನ ಫಿರಂಗಿಗಳನ್ನು ಎಳೆದುಕೊಂಡು ಹೊರಟುಹೋಯಿತು. ಗೆದ್ದವನಿಗೆ ಬೆನ್ನಟ್ಟಲು ಅಂಥ ಎತ್ತುಗಳಿರಲಿಲ್ಲ.

ಎತ್ತಿಗೆ ಇದು ಸಾಧ್ಯವಾದದ್ದು ಹೇಗೆ? ಚರ್ಮದಿಂದಲೇ ನೋಡೋಣ. ಸಸ್ತನಿಯ ಮೈ ಒಳಗಿನ ಶಾಖವನ್ನು ಒಂದೇ ಮಟ್ಟದಲ್ಲಿ ಕಾಯಬೇಕು. ದನದ ಮೈಯಲ್ಲಿ ಅದು ಸುಮಾರು 38.5 ಡಿಗ್ರಿ. ಭಾರ ಎಳೆಯುವ ಸ್ನಾಯು ಬಿಸಿ ಹುಟ್ಟಿಸುತ್ತಲೇ ಇರುತ್ತದೆ, ಅದನ್ನು ಹೊರಗೆ ಹಾಕದಿದ್ದರೆ ಪ್ರಾಣಿ ಕುಸಿಯುತ್ತದೆ. ಯುರೋಪಿನ ದನಕ್ಕೂ ನಮ್ಮ ಹಿಣಿಲಿರುವ ದನಕ್ಕೂ ಇರುವ ದೊಡ್ಡ ಅಂತರ ಇಲ್ಲೇ. ನಮ್ಮದರ ಬೆವರುಗ್ರಂಥಿಗಳು ದೊಡ್ಡವು, ಸಂಖ್ಯೆಯಲ್ಲಿ ಹೆಚ್ಚು, ಚರ್ಮದ ಮೇಲ್ಪದರಕ್ಕೆ ಹತ್ತಿರ. ಕೂದಲು ಗಿಡ್ಡ, ನುಣುಪು, ಬೂದುಬಿಳಿ ಬಣ್ಣದ್ದಾದ್ದರಿಂದ ಬಿಸಿಲು ತಾಗಿ ಹಿಂದಿರುಗುತ್ತದೆ. ಅದರಡಿಯ ಚರ್ಮ ಕಪ್ಪು, ಸುಡುವ ಕಿರಣಕ್ಕೆ ಜಗ್ಗುವುದಿಲ್ಲ. ಗಂಗೆದೊಗಲು ಮೈಗೆ ಗಾಳಿ ತಾಕುವ ಜಾಗ ಹೆಚ್ಚಿಸುತ್ತದೆ. ಸುಮ್ಮನೆ ನಿಂತಾಗ ಮೈ ಹುಟ್ಟಿಸುವ ಶಾಖವೂ ಈ ದನಗಳಲ್ಲಿ ಕಡಿಮೆಯೇ.

ಉಸಿರಿನ ಮಾತು ಬೇರೆ. ಎದೆಗೂಡಿಗೂ ಹೊಟ್ಟೆಗೂ ನಡುವೆ ಅಡ್ಡಲಾಗಿ ಹರಡಿದ ವಪೆ ಎಂಬ ಸ್ನಾಯುಪದರ ಸಸ್ತನಿಗಳ ಸ್ವತ್ತು, ಹಕ್ಕಿಗೂ ಹಲ್ಲಿಗೂ ಹಾಗೆ ಇಲ್ಲ. ಅದು ಕೆಳಗಿಳಿದಾಗ ಶ್ವಾಸಕೋಶ ಹಿಗ್ಗಿ ಗಾಳಿ ಎಳೆದುಕೊಳ್ಳುತ್ತದೆ. ಒಳಗೆ ಬಂದ ಆಮ್ಲಜನಕವನ್ನು ಹೊರುವ ಕೆಂಪು ರಕ್ತಕಣ ಬಲಿಯುವಾಗ ತನ್ನ ಕೋಶಕೇಂದ್ರವನ್ನೇ ಹೊರಗೆ ದಬ್ಬಿಬಿಡುತ್ತದೆ. ಕಪ್ಪೆಯ ರಕ್ತಕಣ, ಕೋಳಿಯ ರಕ್ತಕಣ ಹಾಗೆ ಮಾಡುವುದಿಲ್ಲ. ನಾಲ್ಕು ಕೋಣೆಯ ಹೃದಯ ಒಳ್ಳೆಯ ರಕ್ತವನ್ನೂ ಕೆಟ್ಟ ರಕ್ತವನ್ನೂ ಬೆರೆಯಗೊಡದೆ ದೂಡುತ್ತದೆ. ಇದು ಇಲಿಗೂ ಇದೆ, ಆನೆಗೂ ಇದೆ, ನಮಗೂ ಇದೆ. ಅಮೃತ ಮಹಲ್ ಎತ್ತಿನಲ್ಲಿ ವಿಶೇಷವೆಂದರೆ ಈ ಎಂಜಿನ್ನನ್ನು ಹಗುರವಾದ, ಉದ್ದ ಕಾಲಿನ, ಗಟ್ಟಿ ಗೊರಸಿನ ಮೈಯಲ್ಲಿ ಕೂರಿಸಿದ್ದು. ಕಾಲಾಳುಗಳ ನಡಿಗೆಗಿಂತ ಅದರ ನಡಿಗೆ ಬಿರುಸು ಎಂದು ಇಂಗ್ಲಿಷ್ ಅಧಿಕಾರಿಗಳೇ ಬರೆದರು. ಕುದುರೆಗಳಲ್ಲಿ ಅರಬ್ಬಿ ಕುದುರೆ ಹೇಗೋ ಎತ್ತುಗಳಲ್ಲಿ ಇದು ಹಾಗೆ ಎಂಬುದು ಅವರ ತೀರ್ಪು.

ಕುದುರೆ ಎಂದಾಗ ಕುಣಿಗಲ್ ನೆನಪಾಗದೆ ಇರದು. ಅಲ್ಲಿನ ಕುದುರೆ ಫಾರಂನ ಮೂಲವನ್ನು ಟಿಪ್ಪುವಿನ ಕಾಲಕ್ಕೆ ಒಯ್ಯುತ್ತಾರೆ. ಒಂದೇ ಜಿಲ್ಲೆಯ ಈ ಎರಡು ಪ್ರಾಣಿಗಳ ಹೊಟ್ಟೆಯನ್ನು ಹೋಲಿಸಿದರೆ ತೋಪು ಎಳೆಯಲು ಮೈಸೂರು ಎತ್ತನ್ನೇ ಏಕೆ ಆರಿಸಿತು ಎಂಬುದು ಗೊತ್ತಾಗುತ್ತದೆ. ಕುದುರೆಯ ಜಠರ ಚಿಕ್ಕದು, ಹುಲ್ಲು ಕೊಳೆತು ಅರಗುವುದು ಹಿಂದೆ, ದೊಡ್ಡಕರುಳಿನ ಕಡೆ. ದಂಡಿನ ಕುದುರೆಗೆ ದಿನಾ ಹುರುಳಿ ಬೇಕು, ಹೊತ್ತು ತಪ್ಪಿದರೆ ಹೊಟ್ಟೆಶೂಲೆ. ಎತ್ತಿನ ಹೊಟ್ಟೆಯಲ್ಲಿ ನಾಲ್ಕು ಕೋಣೆ. ಮೊದಲನೆಯದರಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಒಣಹುಲ್ಲನ್ನು ಹುಳಿಸಿ ಶಕ್ತಿಯಾಗಿ ಬಿಡಿಸುತ್ತವೆ. ದಾರಿಯಲ್ಲಿ ಸಿಕ್ಕಿದ್ದನ್ನು ಸರಸರನೆ ನುಂಗಿ ತುಂಬಿಕೊಂಡು, ಬಿಡಾರದಲ್ಲಿ ಮಲಗಿ ಮೆಲುಕು ಹಾಕಿದರಾಯಿತು. ಇನ್ನೊಂದು ಚಮತ್ಕಾರವಿದೆ. ಬೇಸಿಗೆಯ ಹುಲ್ಲಿನಲ್ಲಿ ಸಾರ ಇರುವುದಿಲ್ಲ. ಆಗ ಎತ್ತಿನ ಮೈ, ಮೂತ್ರದಲ್ಲಿ ಹೋಗಬೇಕಾದ ಯೂರಿಯಾದಲ್ಲಿ ಒಂದು ಪಾಲನ್ನು ಜೊಲ್ಲಿನ ಮೂಲಕ ಮತ್ತೆ ಹೊಟ್ಟೆಗೇ ಕಳಿಸುತ್ತದೆ. ಸೂಕ್ಷ್ಮಜೀವಿಗಳು ಅದರಿಂದ ಪ್ರೋಟೀನ್ ಕಟ್ಟುತ್ತವೆ, ಎತ್ತು ಆಮೇಲೆ ಆ ಸೂಕ್ಷ್ಮಜೀವಿಗಳನ್ನೇ ಅರಗಿಸಿಕೊಳ್ಳುತ್ತದೆ. ಹಾಗಲವಾಡಿಯ ಬರದ ನೆಲದ ದನ ಬದುಕಿದ್ದು ಈ ಲೆಕ್ಕಾಚಾರದ ಮೇಲೆ. ಹಾಗಂತ ಎತ್ತಿಗೂ ಮಿತಿಯಿದೆ. ಮೆಲುಕಿಗೆ ದಿನಕ್ಕೆ ಆರೆಂಟು ಗಂಟೆ ಬೇಕೇ ಬೇಕು. ಅದನ್ನು ಕಿತ್ತುಕೊಂಡ ಸೇನಾಪತಿ ಎರಡು ಮೂರು ದಿನ ಓಡಿಸಬಹುದು, ನಾಲ್ಕನೆಯ ದಿನ ದಾರಿಯಲ್ಲೇ ನಿಲ್ಲುತ್ತಾನೆ. ಹೈದರ್ ಎರಡೂವರೆ ದಿನಕ್ಕೆ ನಿಲ್ಲಿಸಿದ.

ಅವನ ಮಗನಿಗೂ ಈ ದನ ಕೈಕೊಡಲಿಲ್ಲ. 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. ಮರುವರ್ಷದ ಆರಂಭದಲ್ಲೇ ಜನರಲ್ ಮ್ಯಾಥ್ಯೂಸ್ ಬಿದನೂರು ಹಿಡಿದ. ಪೂರ್ವ ಕರಾವಳಿಯ ಕಡೆಯಿದ್ದ ಟಿಪ್ಪು ಒಂದು ತಿಂಗಳಲ್ಲಿ ದೇಶದ ಆ ಮಗ್ಗುಲಿನಿಂದ ಈ ಮಗ್ಗುಲಿಗೆ ದಾಟಿ ಬಂದು ಅದನ್ನು ಮರಳಿ ಪಡೆದ. ಜನರಲ್ ಮೆಡೋಸ್ ಎದುರಿನ ಯುದ್ಧದಲ್ಲಿ ಎರಡು ದಿನಕ್ಕೆ 63 ಮೈಲಿ ನಡೆದ. ಬೆಣ್ಣೆ ಚಾವಡಿಗೆ ಅಮೃತ ಮಹಲ್ ಎಂಬ ಹೆಸರಿಟ್ಟವನು ಅವನೇ. ಇಲಾಖೆ ಹೇಗೆ ನಡೆಯಬೇಕೆಂದು ಹುಕುಂನಾಮೆ ಹೊರಡಿಸಿದ, ವರ್ಷಕ್ಕೊಮ್ಮೆ ಹಿಂಡುಗಳ ಎಣಿಕೆಗೆ ತಾನೇ ಹೋಗಿ ನಿಲ್ಲುತ್ತಿದ್ದ, ಚೆನ್ನಾಗಿ ಸಾಕಿದವರಿಗೆ ಇನಾಮು ಕೊಡುತ್ತಿದ್ದ. ಅವನನ್ನು ಸೋಲಿಸಿದ ಇಂಗ್ಲಿಷರೂ ಮುಂದೆ ಆ ಹುಕುಂನಾಮೆಯನ್ನೇ ಅನುಸರಿಸಿದರು. ಟಿಪ್ಪುವಿನ ಬಗ್ಗೆ ಇಂದು ನಡೆಯುವ ಜಗಳಗಳಲ್ಲಿ ಈ ಸಂಗತಿಗೆ ಎರಡೂ ಕಡೆಯವರು ಜಾಗ ಕೊಟ್ಟಿದ್ದು ನಾನು ಕಂಡಿಲ್ಲ.

ಆ ಹಿಂಡಿನ ಹಸುಗಳು ಅರೆಕಾಡು ಪ್ರಾಣಿಗಳು. ಕೊಟ್ಟಿಗೆ ಕಂಡವಲ್ಲ. ಮಳೆಗಾಲ, ಚಳಿಗಾಲ, ಬೇಸಿಗೆ ಎಂದು ಕಾವಲುಗಳನ್ನೇ ಮೂರು ಬಗೆ ಮಾಡಿ, ಹುಲ್ಲು ನೀರು ನೋಡಿಕೊಂಡು ಒಂದರಿಂದ ಒಂದಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ಪರಿಚಯವಿಲ್ಲದವರು ಹತ್ತಿರ ಹೋದರೆ ಹಾಯಲು ಬರುತ್ತಿದ್ದವು. ಅವು ಹಾಲಿಗೆ ಹೆಸರಾದವಲ್ಲ. ಕರು ಮೊಲೆಗೆ ಬಾಯಿ ಹಾಕದೆ ತಾಯಿ ಸೊರ ಬಿಡುವುದಿಲ್ಲ. ಕರುವಿನ ನೂಕಾಟ, ವಾಸನೆ, ಬಾಯಿಯ ಬಿಸಿ ಮೆದುಳಿಗೆ ತಲುಪಿ ಆಕ್ಸಿಟೋಸಿನ್ ಹರಿದು ಬಂದರೆ ಮಾತ್ರ ಕೆಚ್ಚಲು ಸಡಿಲವಾಗುತ್ತದೆ. ವಿದೇಶಿ ತಳಿಗಳು ಯಂತ್ರಕ್ಕೂ ಹಾಲಿಳಿಸುವಷ್ಟು ಪಳಗಿವೆ, ಇವು ಪಳಗಲಿಲ್ಲ. ಹಾಲು ಹೆಚ್ಚಿನ ಪಾಲು ಕರುವಿಗೇ ಹೋಗುತ್ತಿತ್ತು, ಎತ್ತಿನ ಎಲುಬು ಗಟ್ಟಿಯಾದದ್ದು ಅದರಿಂದ.

ಗಿಣ್ಣಿನ ವಿಷಯವನ್ನಂತೂ ಹೇಳಲೇಬೇಕು. ಹಸು ಸುಮಾರು ಒಂಬತ್ತೂವರೆ ತಿಂಗಳು ಗರ್ಭ ಹೊರುತ್ತದೆ. ನಮ್ಮಲ್ಲಿ ತಾಯಿಯ ರೋಗನಿರೋಧಕ ಅಂಶಗಳು ಹುಟ್ಟುವ ಮುನ್ನವೇ ಮಗುವಿನ ರಕ್ತಕ್ಕೆ ಇಳಿಯುತ್ತವೆ. ಹಸುವಿನ ಮಾಸು ಅದನ್ನು ದಾಟಗೊಡುವುದಿಲ್ಲ. ಕರು ಬರಿಗೈಯಲ್ಲಿ ಹುಟ್ಟುತ್ತದೆ. ಈದ ಮೊದಲ ಗಂಟೆಗಳ ಗಿಣ್ಣುಹಾಲೇ ಅದಕ್ಕೆ ಸಿಗುವ ರಕ್ಷಣೆ, ಅದೂ ಒಂದು ದಿನದೊಳಗೆ. ಆಮೇಲೆ ಕರುಳು ಆ ಅಂಶಗಳನ್ನು ಹಾಗೆಯೇ ಒಳಬಿಡುವುದು ನಿಲ್ಲುತ್ತದೆ. ಏಲಕ್ಕಿ ಬೆಲ್ಲ ಹಾಕಿ ಗಿಣ್ಣು ಕಾಯಿಸುವ ಮನೆಗಳಲ್ಲಿ ಕರು ಹೊಟ್ಟೆತುಂಬ ಕುಡಿದ ಮೇಲೆ ಉಳಿದದ್ದನ್ನಷ್ಟೇ ಕರೆದುಕೊಂಡರೆ ಒಳ್ಳೆಯದು.

ಗಂಡುಕರುಗಳನ್ನು ಮೂರು ವರ್ಷ ದಾಟಿದ ಮೇಲೆ, ಚಳಿಗಾಲದಲ್ಲಿ ಬೀಜ ಒಡೆದು ಎತ್ತು ಮಾಡುತ್ತಿದ್ದರು. ಆ ವಯಸ್ಸಿಗೆ ಹೋರಿಯ ಹಾರ್ಮೋನು ಹಿಣಿಲು, ಕೊರಳು, ಭುಜದ ಸ್ನಾಯುಗಳನ್ನು ತುಂಬಿಸಿ ಆಗಿರುತ್ತದೆ. ಬಲ ಉಳಿಯುತ್ತದೆ, ಹೋರಾಟದ ಬುದ್ಧಿ ಇಳಿಯುತ್ತದೆ. ನೊಗ ಕೂರುವುದು ಹಿಣಿಲಿನ ಮುಂದೆ, ಕೊರಳ ಏಳು ಎಲುಬುಗಳು ಮುಗಿಯುವ ಕಡೆ. ಜಿರಾಫೆಯ ಕೊರಳಿಗೂ ಇಲಿಯ ಕೊರಳಿಗೂ ಅವೇ ಏಳು. ಹಗ್ಗ ಹಾಕಿ ಹಿಡಿದು, ಕಲ್ಲುಕಂಬಕ್ಕೆ ಕಟ್ಟಿ, ಪಳಗಿದ ಎತ್ತಿನ ಜೊತೆ ನೊಗಕ್ಕೆ ಹೂಡಿ ತಿದ್ದುತ್ತಿದ್ದರು. ಏಳನೆಯ ವರ್ಷಕ್ಕೆ ಪೂರ್ತಿ ಬಲ, ಹನ್ನೆರಡಕ್ಕೆ ಇಳಿಮುಖ, ಹದಿನಾಲ್ಕು ಹದಿನೈದರವರೆಗೆ ದುಡಿಮೆ, ಹದಿನೆಂಟರ ಹೊತ್ತಿಗೆ ಸಾವು ಎಂದು ರೈಸ್ ಲೆಕ್ಕ ಕೊಡುತ್ತಾರೆ.

ವಯಸ್ಸು ತಿಳಿಯುವುದು ಹೇಗೆ? ಕ್ಯಾತ್ಸಂದ್ರದ ಪಕ್ಕ ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಈಗಲೂ ನೋಡಬಹುದು. ದಲ್ಲಾಳಿ ಮೂಗುದಾರ ಹಿಡಿದು ಕೆಳದವಡೆಯ ತುಟಿಯನ್ನು ಹೆಬ್ಬೆರಳಿನಿಂದ ಬಗ್ಗಿಸುತ್ತಾನೆ. ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ, ಗಟ್ಟಿ ವಸಡು ಅಷ್ಟೆ. ಕೆಳಗೆ ಎಂಟು. ಬಹುತೇಕ ಸಸ್ತನಿಗಳಿಗೆ ಹಲ್ಲು ಬರುವುದು ಎರಡೇ ಸಲ. ಹಾಲುಹಲ್ಲು ಬಿದ್ದು ಅಗಲವಾದ ಹೊಸ ಹಲ್ಲು ನಡುವಿನಿಂದ ಜೋಡಿಜೋಡಿಯಾಗಿ ಬರುತ್ತದೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಆಮೇಲೆ ಬಾಯಿಗೂಡಿತು. ಬಾಯಿಗೂಡಿದ ಎತ್ತು ಐದರ ಆಸುಪಾಸಿನದು. ಮುಂದಿನ ಕೆಲಸ ಸುಳಿ ನೋಡುವುದು. ಹಣೆ, ಬೆನ್ನು, ಭುಜದಲ್ಲಿ ಕೂದಲು ಸುತ್ತಿರುವ ಬಗೆಗೆ ಒಂದೊಂದು ಫಲ ಹೇಳುತ್ತಾರೆ. ಹಲ್ಲಿನ ವಿದ್ಯೆಯನ್ನು ಪಶುವೈದ್ಯರೂ ಒಪ್ಪುತ್ತಾರೆ, ಸುಳಿಯದನ್ನು ನಾನು ಒಪ್ಪಲಾರೆ. ಬೆಲೆ ಮಾತ್ರ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದೇ ತೀರ್ಮಾನ, ಸುತ್ತ ನಿಂತವರಿಗೆ ಗೊತ್ತಾಗುವುದಿಲ್ಲ.

ದವಡೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಸಸ್ತನಿಯ ಕೆಳದವಡೆಯ ಒಂದೊಂದು ಪಕ್ಕಕ್ಕೂ ಒಂದೇ ಎಲುಬು. ಸರೀಸೃಪ ಪೂರ್ವಜರಲ್ಲಿ ದವಡೆಯ ಕೀಲಾಗಿದ್ದ ಎಲುಬುಗಳು ಕೋಟ್ಯಂತರ ವರ್ಷಗಳಲ್ಲಿ ಕುಗ್ಗಿ ಕಿವಿಯೊಳಗೆ ಸೇರಿ, ಸದ್ದು ಸಾಗಿಸುವ ಪುಟ್ಟ ಎಲುಬುಗಳಾದವು. ಎತ್ತು ಮೆಲುಕು ಹಾಕುವ ಗಟ್ಟಿ ದವಡೆ, ಗಾಡಿಯವನು ನಾಲಿಗೆ ಲೊಟ್ಟೆ ಹಾಕಿದರೆ ನಿಮಿರುವ ಕಿವಿ, ಎರಡೂ ಆ ಒಂದೇ ಬದಲಾವಣೆಯ ಫಲ.

ಶ್ರೀರಂಗಪಟ್ಟಣ 1799ರಲ್ಲಿ ಬಿತ್ತು. ವೆಲ್ಲೆಸ್ಲಿ ಇದೇ ಎತ್ತುಗಳನ್ನು ಹೂಡಿ ಬಂಡಾಯಗಾರ ಧೋಂಡಿಯಾ ವಾಘನನ್ನು ಬೆನ್ನಟ್ಟಿದ, 1803ರಲ್ಲಿ ಮರಾಠರ ಮೇಲೆ ಹೋದ. ಮುಂದೆ ಸ್ಪೇನ್, ಪೋರ್ಚುಗಲ್‌ಗಳಲ್ಲಿ ನೆಪೋಲಿಯನ್ನನ ಪಡೆಗಳೆದುರು ಕಾದುವಾಗ ಈ ಎತ್ತುಗಳಿಲ್ಲವಲ್ಲ ಎಂದು ಪತ್ರಗಳಲ್ಲಿ ಹಳಹಳಿಸಿದನಂತೆ. ಆದರೆ ಮೈಸೂರಿನಲ್ಲಿ ಹಿಂಡು ಹಾಳಾಗುತ್ತಿತ್ತು. ಇಂಗ್ಲಿಷರಿಗೆ ಎತ್ತು ಒದಗಿಸುವ ಕರಾರಿನ ಮೇಲೆ ಅದನ್ನು ಮೈಸೂರು ಸರ್ಕಾರದ ಕೈಗೆ ಕೊಡಲಾಗಿತ್ತು. ಯಾರದೋ ದಂಡಿಗೆ ಎತ್ತು ಬೆಳೆಸುವ ಉತ್ಸಾಹ ಯಾರಿಗಿರುತ್ತದೆ? ತಳಿ ಕೆಟ್ಟಿತು. 1813ರಲ್ಲಿ ದಂಡಿನ ಸರಬರಾಜು ಇಲಾಖೆಯಾದ ಮದ್ರಾಸ್ ಕಮಿಸರಿಯಟ್ ಅದನ್ನು ತಾನೇ ವಹಿಸಿಕೊಂಡು ಕ್ಯಾಪ್ಟನ್ ಹಾರ್ವೆಯನ್ನು ನೇಮಿಸಿತು, ಹಿಂಡು ಚೇತರಿಸಿಕೊಂಡಿತು.

ಎರಡನೆಯ ಪೆಟ್ಟು ಬಿದ್ದದ್ದು 1860ರಲ್ಲಿ. ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿಸುವ ಹಟಕ್ಕೆ ಬಿದ್ದು ಇಡೀ ಇಲಾಖೆಯನ್ನು ಮುಚ್ಚಿಸಿದ, ಹಿಂಡುಗಳನ್ನು ಮಾರಿಸಿದ. ಮುನ್ನೂರು ವರ್ಷದ ಆಯ್ಕೆ ಹರಾಜಿನ ಪಾಲಾಯಿತು. ಹೊರಗೆ ಕೊಳ್ಳೋಣವೆಂದರೆ ಅಂಥ ಎತ್ತು ಸಿಗಲಿಲ್ಲ. ತಪ್ಪು ಅರಿವಾಗಿ 1866ರಲ್ಲಿ ಚದುರಿದ ದನಗಳನ್ನು ಮತ್ತೆ ಒಟ್ಟುಮಾಡಿ ಇಲಾಖೆಯನ್ನು ಎಬ್ಬಿಸಿದರು. ಹಸುವಿಗೆ ಒಂದು ಸೂಲಿಗೆ ಒಂದೇ ಕರು, ಅದು ಎತ್ತಾಗಿ ಬಲಿಯಲು ಏಳು ವರ್ಷ. ಆರು ವರ್ಷದಲ್ಲಿ ಕಳೆದದ್ದನ್ನು ಗಳಿಸಲು ಎಷ್ಟು ತಲೆಮಾರು ಬೇಕೆಂಬ ಲೆಕ್ಕ ಟ್ರೆವೆಲಿಯನ್ನನ ಆಯವ್ಯಯ ಪಟ್ಟಿಯಲ್ಲಿ ಇರಲಿಲ್ಲ.

ಹಿಂಡು ತುಂಬುವಷ್ಟರಲ್ಲಿ 1876-78ರ ಮಹಾಕ್ಷಾಮ ಮೈಸೂರನ್ನೇ ಸುಟ್ಟಿತು. 1882ರಲ್ಲಿ ಇಲಾಖೆ ಮೈಸೂರು ದರ್ಬಾರಿಗೆ ಮರಳಿತು. ಆ ಕಾಲದ ದನಗಳ ಮಹಾಮಾರಿ ದೊಡ್ಡರೋಗ. ಬಾಯಿಯಿಂದ ಕರುಳಿನವರೆಗೆ ಒಳಪದರವನ್ನೇ ಕೊಳೆಸಿ ಭೇದಿಯಲ್ಲಿ ಕೊಲ್ಲುತ್ತಿದ್ದ ಆ ವೈರಾಣುವಿಗೆ ಊರ ದನವೆಲ್ಲ ವಾರದೊಳಗೆ ಬಲಿಯಾಗುತ್ತಿತ್ತು. 1920ರ ದಶಕದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಸೀರಂ ಸಂಸ್ಥೆ ಬಂದ ಮೇಲೆ ಮೈಸೂರಿನ ರೈತರಿಗೆ ಉಸಿರು ಬಂತು. 2011ರಲ್ಲಿ ಲೋಕದಿಂದಲೇ ಆ ರೋಗ ಅಳಿಯಿತೆಂದು ಘೋಷಣೆಯಾಯಿತು, ಸಿಡುಬಿನ ನಂತರ ಮನುಷ್ಯ ಬೇರುಸಹಿತ ಕಿತ್ತ ಎರಡನೆಯ ರೋಗ ಅದು.

ಹೆಬ್ಬಾಳದ ಸಂಸ್ಥೆ ಬರುವಷ್ಟರಲ್ಲಿ ಮೋಟಾರು ಬಂದು ದಂಡಿಗೆ ಎತ್ತು ಬೇಡವಾಗಿತ್ತು. 1923ರಲ್ಲಿ ಅಮೃತ ಮಹಲ್ ಸೈನ್ಯದಿಂದ ಕೃಷಿ ಇಲಾಖೆಗೆ ಬಂತು, 1929ರಲ್ಲಿ ಅಜ್ಜಂಪುರದ ತಳಿ ಕೇಂದ್ರ ಶುರುವಾಯಿತು. ಸ್ವಾತಂತ್ರ್ಯದ ನಂತರ ಕಾವಲುಗಳು ಒಂದೊಂದಾಗಿ ಕರಗಿದವು. ಉಳುಮೆಗೆ, ನೆಡುತೋಪಿಗೆ, ಕಾರ್ಖಾನೆಗೆ, ಕಡೆಗೆ ಚಳ್ಳಕೆರೆಯ ಕಾವಲುಗಳು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ. ದೇಶಕ್ಕೆ ಅವೂ ಬೇಕು, ಒಪ್ಪೋಣ. ಆದರೆ ಆ ಹುಲ್ಲುಗಾವಲನ್ನು ಬಂಜರು ಎಂದು ಬರೆದ ಕೈಗೆ ದನದ ಹೊಟ್ಟೆಯ ಗಣಿತ ಗೊತ್ತಿರಲಿಲ್ಲ.

ಕರ್ನಾಟಕದ ನೋಂದಾಯಿತ ದನದ ತಳಿಗಳಲ್ಲಿ ಅಮೃತ ಮಹಲ್ ಇದೆ, ಹಳ್ಳಿಕಾರ್ ಇದೆ, 2000ದಲ್ಲಿ ಹಳ್ಳಿಕಾರ್ ಎತ್ತಿನ ಅಂಚೆಚೀಟಿಯೂ ಬಂತು. ದೇವಣಿ, ಕೃಷ್ಣಾ ಕಣಿವೆ, ಖಿಲ್ಲಾರಿ, ಮಲೆನಾಡು ಗಿಡ್ಡ ಎಲ್ಲ ಇವೆ. ಹಾಗಲವಾಡಿ ಇಲ್ಲ. ಅದು ಅಮೃತ ಮಹಲಿನ ರಕ್ತದಲ್ಲಿ ಬೆರೆತುಹೋಯಿತು. ಚೇಳೂರು, ಹಾಗಲವಾಡಿ, ನಿಟ್ಟೂರು ಕಡೆಯ ಹಿರಿಯರ ಮನೆಯಲ್ಲಿ ಹಳೆಯ ಜೋಡಿಯ ಫೋಟೊ ಇದ್ದರೆ, ಕೊಂಬು, ಬಣ್ಣ, ನಡಿಗೆ ನೆನಪಿದ್ದರೆ, ಮೊಮ್ಮಕ್ಕಳ ಕೈಲಿ ಬರೆಸಿಡಿ. ಪಶುಪಾಲನಾ ಇಲಾಖೆಯವರೂ ಒಮ್ಮೆ ಇತ್ತ ಬಂದು ಉಳಿದಿರುವ ನಾಟಿ ದನಗಳ ರಕ್ತ ಪರೀಕ್ಷೆ ಮಾಡಿಸಲಿ.